ಹೆಣ ಸುಡುವ ಊರಿಗೆ ಝಾಂಬಿ ಎಲ್ಲಿಂದ ಬರಬೇಕು?

ಪ್ರಶ್ನೆ: ನಮ್ಮ ಕಡೆ ಹೆಣ ಸುಡುತ್ತಾರೆ, ಎದ್ದು ಬರೋಕೆ ದೇಹವೇ ಉಳಿಯಲ್ಲ. ಹಾಗಾದ್ರೆ ಝಾಂಬಿ ಕಥೆ ಮಲೆನಾಡಿಗೆ ಹೊಂದುತ್ತಾ?

ಉತ್ತರ: ಪೂರ್ತಿ ಹೊಂದಲ್ಲ, ಆದರೆ ಅದಕ್ಕೆ ಸುಡುವುದು ಕಾರಣವಲ್ಲ. ಶಿವಮೊಗ್ಗ ಜಿಲ್ಲೆಯಲ್ಲೇ ಲಿಂಗಾಯತರು, ಮುಸ್ಲಿಮರು, ಕ್ರೈಸ್ತರು ಹೂಳುತ್ತಾರೆ, ಅಲ್ವಾ?

ಝಾಂಬಿ ಹುಟ್ಟಿದ್ದು ಹೈಟಿಯಲ್ಲಿ. ಫ್ರೆಂಚರು ಆಫ್ರಿಕಾದ ಜನರನ್ನು ಅಲ್ಲಿಗೆ ಸಾಗಿಸಿ, ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿಸಿದರು. ಸತ್ತ ಮೇಲಾದರೂ ಆಫ್ರಿಕಾಕ್ಕೆ ಮರಳುತ್ತೇವೆ ಅನ್ನೋದು ಅವರ ನಂಬಿಕೆ. ಅದನ್ನೂ ಕಳೆದುಕೊಂಡವನೇ ಝಾಂಬಿ. ಮಂತ್ರಗಾರನೊಬ್ಬ ಅವನನ್ನು ಗೋರಿಯಿಂದ ಎಬ್ಬಿಸಿ ಮತ್ತೆ ದುಡಿಸುತ್ತಾನೆ. ಝಾಂಬಿ ಬಂದು ಕಚ್ಚೀತು ಅಂತ ಅಲ್ಲಿನವರು ಹೆದರಲಿಲ್ಲ. ತಾವೇ ಝಾಂಬಿ ಆಗಿಬಿಟ್ಟರೆ ಅಂತ ಹೆದರಿದರು. ಇದಕ್ಕಿಂತ ದೊಡ್ಡ ಭಯ ನನಗಂತೂ ತೋಚುತ್ತಿಲ್ಲ.

ಮನುಷ್ಯರನ್ನು ತಿನ್ನುವ ಗುಂಪು ಬಂದದ್ದು 1968ರಲ್ಲಿ, ಅಮೆರಿಕದ ಜಾರ್ಜ್ ರೊಮೆರೊ ಸಿನಿಮಾದಿಂದ. 1978ರಲ್ಲಿ ಅವರು ಅಂಥದೇ ಗುಂಪನ್ನು ಶಾಪಿಂಗ್ ಮಾಲ್‌ಗೆ ನುಗ್ಗಿಸಿದರು. ದಕ್ಷಿಣ ಕೊರಿಯಾದಲ್ಲಿ 2014ರಲ್ಲಿ ಸೆವಾಲ್ ಹಡಗು ಮುಳುಗಿ 300ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಶಾಲೆ ಮಕ್ಕಳು. ‘ಇದ್ದಲ್ಲೇ ಇರಿ’ ಅಂತ ಮೈಕಿನಲ್ಲಿ ಹೇಳಿದ್ದನ್ನು ನಂಬಿ ಒಳಗೇ ಕೂತಿದ್ದರು. 2016ರಲ್ಲಿ ಬಂದ ಅಲ್ಲಿನ ಸಿನಿಮಾ ‘ಟ್ರೈನ್ ಟು ಬುಸಾನ್’ನಲ್ಲಿ ರೈಲಿನೊಳಗೆ ಝಾಂಬಿಗಳು ನುಗ್ಗಿರುತ್ತವೆ, ಸರ್ಕಾರ ಟಿವಿಯಲ್ಲಿ ಜನರಿಗೆ ಧೈರ್ಯ ಹೇಳುತ್ತಿರುತ್ತದೆ. ಆ ದೃಶ್ಯ ನೋಡುವಾಗ ನನ್ನ ಕಣ್ಣ ಮುಂದೆ ಬರುವುದು ಆ ಮಕ್ಕಳೇ.

ನಮ್ಮ ಕಡೆಯ ದೆವ್ವ, ಭೂತ, ಚೌಡಿ ಯಾವುದನ್ನೇ ತಗೊಳ್ಳಿ, ಮಾತಾಡಿಸಬಹುದು. ಅದಕ್ಕೊಂದು ಹೆಸರಿದೆ, ಒಂದು ಸಿಟ್ಟಿದೆ. ಏನು ಬೇಕು ಅಂತ ಕೇಳಬಹುದು, ಹರಕೆ ಹೊರಬಹುದು. ಝಾಂಬಿ ಹತ್ತಿರ ಇದ್ಯಾವುದೂ ನಡೆಯಲ್ಲ. ಹೊಂದದೆ ಇರುವುದು ಇಲ್ಲಿಯೇ.

ಆದರೆ ಹರಕೆಗೆ ಬಗ್ಗದ ಭಯವೊಂದು ಮಲೆನಾಡಿಗೂ ಇದೆ: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಮರದ ಕೆಳಗೆ ಮಂಗ ಸತ್ತು ಬಿದ್ದಿರುತ್ತದೆ. ಅದರ ಮೈಯಲ್ಲಿದ್ದ ಉಣುಗು ದರಗಿಗೆ, ಅಂದರೆ ಉದುರಿದ ಒಣ ಎಲೆಗೆ, ಇಳಿಯುತ್ತದೆ. ಅದು ಕಚ್ಚಿದರೆ ಮನುಷ್ಯರಿಗೂ ಕಾಯಿಲೆ ಬರುತ್ತದೆ. ಎಳ್ಳಿನಷ್ಟು ಸಣ್ಣದು, ಹತ್ತಿದ್ದೇ ಗೊತ್ತಾಗಲ್ಲ. ಕೊಟ್ಟಿಗೆಗೆ ಹಾಸೋಕೆ ಅದೇ ದರಗು ಬೇಕು. ಕಾಲಿಗೆ ಎಣ್ಣೆ ಹಚ್ಚಿಕೊಂಡು, ಹೆಡಿಗೆ ಹೊತ್ತು ಹೋಗಲೇಬೇಕು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ಹಾಗಾಗಿ ಪಕ್ಕದ ಮನೆಯವರನ್ನು ಕಂಡು ಓಡುವ ಕಥೆ ಇಲ್ಲಿಗೆ ಸುಮ್ನೆ ಹೊರಗಿನದಾಗುತ್ತದೆ. ನಮ್ಮದು ಬೇಲಿಯಾಚೆ, ಜನವರಿಯ ಒಣ ದರಗಿನ ಸರಸರ ಸದ್ದಿನಿಂದ ಶುರುವಾಗಬೇಕು.