ವರ್ಷಗಟ್ಟಲೆ ಔಷಧಿ ಹೊಡೆದ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಹೇಗೆ ಉಳಿಯುತ್ತವೆ?

ಪ್ರಶ್ನೆ: ನಮ್ಮದು ಕೋಲಾರದ ಬಳಿಯ ಟೊಮೆಟೊ ತೋಟ. ಅಪ್ಪನ ಕಾಲದಿಂದಲೂ ಔಷಧಿ ಹೊಡೆಯುತ್ತಾ ಬಂದಿದ್ದೇವೆ. ಇಷ್ಟು ವಿಷ ಬಿದ್ದ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಬದುಕಿರುತ್ತವೆಯೇ?

ಉತ್ತರ: ಬದುಕಿರುತ್ತವೆ. ಕ್ಲೋರ್‌ಪೈರಿಫಾಸ್, ಡಯಾಜಿನಾನ್‌ನಂತಹ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಕೀಟದ ನರಗಳಲ್ಲಿರುವ ಅಸಿಟೈಲ್‌ಕೊಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆದು ಕೀಟವನ್ನು ಕೊಲ್ಲುತ್ತವೆ. ನರವೇ ಇಲ್ಲದ ಬ್ಯಾಕ್ಟೀರಿಯಾಗೆ ಆ ಪೆಟ್ಟು ತಗುಲುವುದಿಲ್ಲ. ನಾವು ಸಹಿಷ್ಣುತೆ ಎನ್ನುವುದರಲ್ಲಿ ಒಂದು ದೊಡ್ಡ ಪಾಲು ಇಷ್ಟೇ.

ಅದಕ್ಕಿಂತ ಸೋಜಿಗದ ಸಂಗತಿಯೆಂದರೆ, ಕೆಲವು ಬ್ಯಾಕ್ಟೀರಿಯಾ ಆ ಔಷಧಿಯನ್ನೇ ಒಡೆಯುತ್ತವೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿದ್ದ ಎನ್. ಸೇತುನಾಥನ್ ಮತ್ತು ಟಿ. ಯೋಶಿದಾ ಅವರು ಡಯಾಜಿನಾನ್ ಹಾಕಿದ್ದ ಗದ್ದೆಯಿಂದ ಅಂತಹ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ 1973ರಲ್ಲಿ ವರದಿ ಮಾಡಿದರು. ಅದರಲ್ಲಿದ್ದ ಕಿಣ್ವವು ಔಷಧಿಯ ಅಣುವಿನಲ್ಲಿ ರಂಜಕವನ್ನು ಹಿಡಿದಿಟ್ಟ ಒಂದು ಬಂಧವನ್ನು ನೀರಿನ ಅಣುವಿನ ನೆರವಿನಿಂದ ಕತ್ತರಿಸುತ್ತದೆ. ಈ ಕಿಣ್ವದ ವಂಶವಾಹಿಯು ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್‌ಎ ಉಂಗುರದ ಮೇಲಿರುವುದೂ ಉಂಟು. ಪ್ಲಾಸ್ಮಿಡ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವಾದ್ದರಿಂದ, ಒಂದೇ ಔಷಧಿಯನ್ನು ಮತ್ತೆ ಮತ್ತೆ ಹಾಕಿದ ಮಣ್ಣಿನಲ್ಲಿ ಅದನ್ನು ಒಡೆಯಬಲ್ಲವು ಹೆಚ್ಚುತ್ತವೆ. ಕಾರ್ಬೋಫ್ಯುರಾನ್ ಎಂಬ ಇನ್ನೊಂದು ಕೀಟನಾಶಕವನ್ನು ಪದೇ ಪದೇ ಹಾಕಿದ ಹೊಲಗಳಲ್ಲಿ ಅದು ಕೆಲಸ ಮಾಡುವ ಮೊದಲೇ ಒಡೆದುಹೋದದ್ದು ಹೀಗೆಯೇ. ಔಷಧಿ ಹಿಡಿಯುತ್ತಿಲ್ಲವೆಂದು ಪ್ರಮಾಣ ಏರಿಸುವ ಮುನ್ನ ಈ ಸಾಧ್ಯತೆಯನ್ನೂ ಯೋಚಿಸಬೇಕೆಂಬುದು ನನ್ನ ಕಳಕಳಿಯ ಮನವಿ.

ಆದರೆ ಒಡೆದ ಮಾತ್ರಕ್ಕೆ ವಿಷ ಹೋಯಿತೆಂದಲ್ಲ. ಕ್ಲೋರ್‌ಪೈರಿಫಾಸ್ ಒಡೆದಾಗ ಉಳಿಯುವ ಟಿಸಿಪಿ ಎಂಬ ವಸ್ತುವು ಸೂಕ್ಷ್ಮಜೀವಿಗಳಿಗೇ ಮಾರಕವಾಗಿದ್ದು, ಒಡೆಯುವ ಕೆಲಸವನ್ನೇ ನಿಧಾನಗೊಳಿಸುತ್ತದೆ.

ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳವರು ಬಲ್ಲ ಬೋರ್ಡೋ ದ್ರಾವಣವೆಂಬ ಶಿಲೀಂಧ್ರನಾಶಕದ ವಿಷಯವೇ ಬೇರೆ. ಶೇ. 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮೈಲುತುತ್ತದಲ್ಲಿರುವ ತಾಮ್ರವು ಮೂಲವಸ್ತು; ಅದನ್ನು ಯಾವ ಕಿಣ್ವವೂ ಒಡೆಯಲಾರದು, ಆದ್ದರಿಂದ ಸಿಂಪಡಿಸಿದಷ್ಟೂ ಮೇಲ್ಮಣ್ಣಿನಲ್ಲಿ ಶೇಖರವಾಗುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗೆ ಉಳಿದಿರುವ ದಾರಿಗಳು, ಒಳಬಂದ ತಾಮ್ರವನ್ನು ಜೀವಕೋಶದ ಪೊರೆಯಲ್ಲಿರುವ ಪಂಪುಗಳಿಂದ ಹೊರದೂಡುವುದು, ಇಲ್ಲವೇ ತಾನೇ ಸ್ರವಿಸಿದ ಲೋಳೆಯಲ್ಲಿ ಅದನ್ನು ಹಿಡಿದಿಡುವುದು. ಇಂತಹ ತಾಮ್ರ ನಿರೋಧಕ ವಂಶವಾಹಿಗಳು ಕೆಲವೊಮ್ಮೆ ಆ್ಯಂಟಿಬಯಾಟಿಕ್ ನಿರೋಧಕ ವಂಶವಾಹಿಗಳ ಜೊತೆಯಲ್ಲೇ ಒಂದೇ ಪ್ಲಾಸ್ಮಿಡ್ ಮೇಲಿರುತ್ತವೆ ಎಂಬುದು ನನ್ನನ್ನು ಬಹಳ ಚಿಂತೆಗೀಡುಮಾಡುವ ಸಂಗತಿ.

ಬ್ಯಾಕ್ಟೀರಿಯಾ ಉಳಿದಿವೆ ಎಂದಾಕ್ಷಣ ಮಣ್ಣು ಆರೋಗ್ಯವಾಗಿದೆ ಎಂದು ತಿಳಿಯಬಾರದು. ಯಾವುವು ಉಳಿದಿವೆ ಎಂಬುದೇ ಮುಖ್ಯ. ಅಮೋನಿಯಾವನ್ನು ನೈಟ್ರೇಟ್ ಆಗಿಸುವವು, ಅವರೆ, ತೊಗರಿ, ನೆಲಗಡಲೆಯ ಬೇರಿನಲ್ಲಿ ಗಂಟು ಕಟ್ಟುವ ರೈಜೋಬಿಯಂ ಇವೆಲ್ಲ ನಾಜೂಕಿನವು. ಪಾವಗಡದ ಕಡೆ ನೆಲಗಡಲೆ ಬಿತ್ತುವವರು ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚುವುದಾದರೆ ಅದನ್ನು ಮೊದಲು ಮುಗಿಸಿ, ರೈಜೋಬಿಯಂ ಅನ್ನು ಕೊನೆಯಲ್ಲಿ ಲೇಪಿಸಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತಬೇಕು. ನಿಮ್ಮ ತೋಟಕ್ಕಾದರೆ ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು ಹೆಚ್ಚು ಹಾಕಿರಿ: ಸಾವಯವ ಅಂಶವು ಔಷಧಿಯ ಉಳಿಕೆಯನ್ನೂ ತಾಮ್ರವನ್ನೂ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತದೆ, ಒಡೆಯುವ ಬ್ಯಾಕ್ಟೀರಿಯಾಗೆ ಆಹಾರವೂ ಆಗುತ್ತದೆ.