ಸ್ಕ್ಯಾನರ್ ಹೊಡೀರಿ

ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯಲ್ಲಿ ಸೊಪ್ಪು ಮಾರುವ ಅಜ್ಜಿ ತಕ್ಕಡಿಗೆ ಒರಗಿಸಿಟ್ಟ ಹಲಗೆ ತೋರಿಸಿ, “ಸ್ಕ್ಯಾನರ್ ಇಲ್ಲೇ ಅದ, ಹೊಡೀರಿ” ಅಂದರು. ಹಲಗೆ ಮೇಲಿದ್ದದ್ದು ಕ್ಯುಆರ್ ಕೋಡ್. ಸ್ಕ್ಯಾನ್ ಮಾಡುವುದು ನನ್ನ ಕೈಲಿದ್ದ ಫೋನು. ಆದರೂ ಆ ಚೌಕಕ್ಕೇ ಸ್ಕ್ಯಾನರ್ ಅಂತ ಹೆಸರು ಬಿದ್ದುಬಿಟ್ಟಿದೆ. 1994ರಲ್ಲಿ ಜಪಾನಿನಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಹುಟ್ಟಿದ ಗುರುತು ಅದು. 2016ರಲ್ಲಿ ಯುಪಿಐ ಬಂದ ಮೇಲೆ ಸೊಪ್ಪಿನ ಬುಟ್ಟಿವರೆಗೂ ಬಂತು, ಬರುವಾಗ ಹೆಸರನ್ನೂ ಬದಲಿಸಿಕೊಂಡಿತು.

ಫೋನ್ ಆ್ಯಪ್‌ಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಹೊಸ ಪದ ಕಂಡಾಗ ‘ಇದಕ್ಕೆ ಕನ್ನಡದಲ್ಲಿ ಏನಂತಾರೆ’ ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ನೋಡುವುದು ಜನ ಅದರ ಜೊತೆ ಯಾವ ಕ್ರಿಯಾಪದ ಹಚ್ಚಿದ್ದಾರೆ ಅಂತ. ಮಿಸ್ ಕಾಲ್ ಕೊಡುತ್ತೇವೆ, ಸ್ಟೇಟಸ್ ಇಡುತ್ತೇವೆ, ಪೋಸ್ಟ್ ಹಾಕುತ್ತೇವೆ, ಸೆಲ್ಫಿ ತಗೊಳ್ಳುತ್ತೇವೆ. ಎಲ್ಲಕ್ಕೂ ‘ಮಾಡು’ ಹಚ್ಚಬಹುದಿತ್ತು, ಅಲ್ವಾ? ಮಿಸ್ ಕಾಲ್ ಇನ್ನೊಬ್ಬರಿಗೆ ಮುಟ್ಟಬೇಕು, ಅದಕ್ಕೇ ಕೊಡು. ಸ್ಟೇಟಸ್ 24 ಗಂಟೆ ಅಲ್ಲೇ ಕೂತಿರುತ್ತದೆ, ಅದಕ್ಕೇ ಇಡು. ಅರ್ಜಿ ಹಾಕಿ ರೂಢಿ ಇದ್ದವರಿಗೆ ಪೋಸ್ಟ್ ಹಾಕುವುದೂ ಸಲೀಸು. ಅರ್ಜಿಯೂ ಒಂದು ಕಾಲಕ್ಕೆ ಹೊರಗಿಂದ ಬಂದದ್ದೇ. ದವಾಖಾನೆ, ಖುರ್ಚಿ ಕೂಡ. ಹೀಗೆ ತನಗೊಪ್ಪುವ ಕ್ರಿಯಾಪದ ಹುಡುಕಿಕೊಂಡ ಪದವನ್ನು ನಾನು ಮುಟ್ಟುವುದಿಲ್ಲ.

ನಮ್ಮ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಆಗಿತ್ತು. ಅವರ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಒಂದು ಎಚ್ಚರಿಕೆ ಕೊಡುತ್ತದೆ. ಸಂಸ್ಕೃತ, ಕನ್ನಡ ಪದಗಳನ್ನು ಒಂದೇ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದಂತೆ ಅನ್ನುತ್ತದೆ. ಇಂಗ್ಲಿಷ್ ಪದಗಳ ಜೊತೆ ದಿನಾ ಏಗುವ ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ. ‘ಸ್ಕ್ರೀನ್‌ಶಾಟ್ ತೆಗೆಯಿರಿ’ ಅಂದರೆ ಹಾಲು ಹಾಲಾಗಿಯೇ ಇದೆ. ‘ತೆರೆಶಾಟ್’ ಅಂದರೆ ಒಡೆಯಿತು. ಮಿಂಚು, ಅಂಚೆ ಕೂಡಿದ ‘ಮಿಂಚಂಚೆ’ ನನಗೆ ತುಂಬ ಇಷ್ಟ. ಆದರೂ ಆ್ಯಪ್‌ನಲ್ಲಿ ಇಮೇಲ್ ಅಂತಲೇ ಬರೆಯುತ್ತೇನೆ, ಓದುವವರಿಗೆ ಅದು ಜಾಸ್ತಿ ಹತ್ತಿರ.

ಕಷ್ಟ ಕೊಡುವುದು ಬಹಳ ಸಲ ನಮ್ಮದೇ ಪದ. ಒಂದು ಬ್ಯಾಂಕಿನ ಆ್ಯಪ್ ತಯಾರಾಗುವಾಗ ಅದೇ ಅಜ್ಜಿಯ ಕೈಗೆ ಫೋನ್ ಕೊಟ್ಟು ಪಕ್ಕದಲ್ಲಿ ಕೂತೆ. ಹೆಸರು ತುಂಬಿದರು, ಊರು ತುಂಬಿದರು. ‘ಸಲ್ಲಿಸಿ’ ಬಟನ್ ಹತ್ತಿರ ಬೆರಳು ನಿಂತಿತು. “ಯಾರಿಗಿ ಸಲ್ಲಿಸಬೇಕ್ರೀ?” ಅಂದರು. ನೂರಾರು ಸಲ ಬರೆದ ಪದ ಅದು, ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ದೇವರಿಗೆ ಪೂಜೆ ಸಲ್ಲಿಸುತ್ತೇವೆ, ಸಾಹೇಬರಿಗೆ ಅರ್ಜಿ ಸಲ್ಲಿಸುತ್ತೇವೆ. ಎದುರಿಗೆ ಒಬ್ಬರು ಬೇಕು. ಅವತ್ತೇ ಅದನ್ನು ‘ಬ್ಯಾಂಕಿಗೆ ಕಳಿಸಿ’ ಅಂತ ತಿದ್ದಿದೆ.

ಈಗ ಕಾಡುತ್ತಿರುವುದು ಸ್ಕ್ರೋಲ್. ಕಾಲೇಜು ಹುಡುಗರು ಸ್ಕ್ರೋಲ್ ಮಾಡುತ್ತಾರೆ, ಅವರಿಗೆ ತೊಂದರೆ ಇಲ್ಲ. ಅಜ್ಜಿ ‘ಮ್ಯಾಲ ಸರಸು’ ಅಂತಾರೆ. ನನಗೆ ಬಂದಿರುವ ಮೂಲದಲ್ಲಿ ‘ಕೆಳಗೆ ಸ್ಕ್ರೋಲ್ ಮಾಡಿ’ ಅಂತಿದೆ. ಒಮ್ಮೆ ಮಾಡಿ ನೋಡಿ: ಪುಟದಲ್ಲಿ ಕೆಳಗೆ ಹೋಗಲು ಬೆರಳು ಮೇಲಕ್ಕೇ ಸರಿಯಬೇಕು. ಸೂಚನೆ ಪುಟದ ದಿಕ್ಕು ಹೇಳುತ್ತದೆ, ಅಜ್ಜಿ ಬೆರಳಿನ ದಿಕ್ಕು ಹೇಳುತ್ತಾರೆ. ‘ಬೆರಳನ್ನು ಮೇಲೆ ಸರಿಸಿ’ ಅಂತ ಬರೆದಿಟ್ಟಿದ್ದೇನೆ. ಈ ವಾರ ಒಪ್ಪಿಗೆಗೆ ಕಳಿಸುತ್ತೇನೆ.