75 ನಿಮಿಷ ಎಂದರೆ ಎಲ್ಲಿಂದ ಎಲ್ಲಿಗೆ?

ಬಸ್ಸುಗಳ ವೇಳಾಪಟ್ಟಿ ರೂಪಿಸುವುದು ನನ್ನ ವೃತ್ತಿ ಎಂದು ತಿಳಿದ ಕೂಡಲೇ ಮದುವೆಮನೆಯಲ್ಲಾಗಲಿ, ರೈಲಿನಲ್ಲಾಗಲಿ, ದಂತವೈದ್ಯರ ಕುರ್ಚಿಯ ಮೇಲೆಯೇ ಆಗಲಿ, ಎದುರಿಗಿದ್ದವರು ಕೇಳುವ ಪ್ರಶ್ನೆ ಒಂದೇ: "ಕಾರಿನಲ್ಲಿ ಎರಡು ಗಂಟೆಯ ದಾರಿಗೆ ನಿಮ್ಮ ಬಸ್ಸಿಗೆ ಮೂರೂವರೆ ಗಂಟೆ ಯಾಕೆ ಬೇಕು?" ಹೀಗೆ ಕೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಅವರ ಮಟ್ಟಿಗೆ ಎರಡೂ ಅಂಕಿಗಳು ನಿಜವೇ. ತೊಡಕು ಇರುವುದು ಲೆಕ್ಕ ಶುರುವಾಗುವ ಜಾಗದಲ್ಲಿ. ಬಸ್ಸಿನ ಪ್ರಯಾಣವನ್ನು ಅವರು ಮನೆಯ ಬಾಗಿಲಿಗೆ ಬೀಗ ಹಾಕಿದ ಗಳಿಗೆಯಿಂದ ಎಣಿಸುತ್ತಾರೆ, ಕಾರಿನ ಪ್ರಯಾಣವನ್ನು ಚಕ್ರ ಹೆದ್ದಾರಿಗೆ ಏರಿದ ಮೇಲೆ ಎಣಿಸುತ್ತಾರೆ. ಅಡುಗೆಗೆ ಎಷ್ಟು ಹೊತ್ತಾಯಿತು ಎಂದರೆ ಕುಕ್ಕರ್ ಒಲೆಯ ಮೇಲಿದ್ದ ಹೊತ್ತನ್ನಷ್ಟೇ ಹೇಳಿದ ಹಾಗೆ ಇದು.

ಬೆಂಗಳೂರು–ಮೈಸೂರು ದಾರಿಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಈ ಗೊಂದಲಕ್ಕೆ ಸರ್ಕಾರಿ ಮುದ್ರೆ ಬಿದ್ದಿರುವುದು ಅಲ್ಲಿ. ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದಾಗ, ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯಿತು ಎಂದು ಎಲ್ಲ ಕಡೆ ಪ್ರಕಟವಾಯಿತು. ಆ ಹೆದ್ದಾರಿಯ ಉದ್ದ 118 ಕಿ.ಮೀ. ಅದು ಕೆಂಗೇರಿಯ ಆಚೆ ನೈಸ್ ರಸ್ತೆ ಕೂಡುವಲ್ಲಿ ಆರಂಭವಾಗಿ ಮೈಸೂರಿನ ವರ್ತುಲ ರಸ್ತೆಯ ಬಳಿ ಮುಗಿಯುತ್ತದೆ. ಅಂದರೆ 75 ನಿಮಿಷ ಎನ್ನುವುದು ಒಂದು ಜಂಕ್ಷನ್‌ನಿಂದ ಇನ್ನೊಂದು ಜಂಕ್ಷನ್‌ಗೆ ಅನ್ವಯಿಸುವ ಅಂಕಿ, ಮತ್ತು ಆ ಎರಡು ಜಂಕ್ಷನ್‌ಗಳಲ್ಲಿ ಯಾರ ಮನೆಯೂ ಇಲ್ಲ. ಅಷ್ಟೂ ದೂರವನ್ನು 75 ನಿಮಿಷದಲ್ಲಿ ಕ್ರಮಿಸಬೇಕಾದರೆ ಸರಾಸರಿ ವೇಗ ಗಂಟೆಗೆ 94 ಕಿ.ಮೀ. ಇರಬೇಕು. ಗರಿಷ್ಠ ವೇಗಮಿತಿ 100 ಇರುವ ರಸ್ತೆಯಲ್ಲಿ 94ರ ಸರಾಸರಿ ಬೇಕೆಂದರೆ ಎಲ್ಲಿಯೂ ನಿಲ್ಲಕೂಡದು, ಟೋಲಿನಲ್ಲಿ ಸರತಿ ಇರಕೂಡದು, ಮುಂದಿನ ಲಾರಿ ಬಲಗಡೆಯ ಪಥ ಹಿಡಿದು ತೆವಳಕೂಡದು. ಅಸಾಧ್ಯವೇನಲ್ಲ, ಆದರೆ ಯೋಜನೆ ಹಾಕಿಕೊಳ್ಳಲು ಯೋಗ್ಯವಾದ ಅಂಕಿಯೂ ಅಲ್ಲ.

ನಮ್ಮ ಭಾವನವರು ಈ ವಿಷಯದಲ್ಲಿ ಪ್ರಸಿದ್ಧರು. ಒಮ್ಮೆ ಮೈಸೂರಿನ ಬಂಧುಗಳ ಮನೆಗೆ ಬಂದಿಳಿದವರೇ ಒಂದೂವರೆ ಗಂಟೆಯಲ್ಲಿ ತಲುಪಿಬಿಟ್ಟೆವೆಂದು ಘೋಷಿಸಿದರು. "ಎಲ್ಲಿಂದ ಭಾವ?" ಎಂದೆ. "ಕಣಿಮಿಣಿಕೆ ಟೋಲಿನಿಂದ," ಎಂದರು. "ಎಲ್ಲಿಯವರೆಗೆ?" ಎಂದೆ. "ಗಣಂಗೂರು ಟೋಲ್‌ವರೆಗೆ; ನಡುವೆ ತಿಂಡಿಗೆ ನಿಂತದ್ದನ್ನು ಬಿಡಪ್ಪ," ಎಂದರು. ಅಷ್ಟರಲ್ಲಿ ಒಳಗಿನಿಂದ ಅಕ್ಕನ ದನಿ ಬಂತು: "ಏಳಕ್ಕೆ ಮನೆ ಬಿಟ್ಟದ್ದು, ಗಡಿಯಾರ ನೋಡಿ, ಹನ್ನೊಂದಾಗುತ್ತಾ ಬಂತು. ಮದ್ದೂರು ವಡೆ ಬೇಕೂಂತ ಹೆದ್ದಾರಿ ಬಿಟ್ಟು ಊರೊಳಗೆ ಹೋದವರು ಯಾರು?" ಭಾವನವರು ಮೋಸಗಾರರಲ್ಲ. ಸ್ವಂತ ಕಾರಿನಲ್ಲಿ ಹೋಗುವ ಬಹುಪಾಲು ಜನ ಹೀಗೆಯೇ ನೆನಪಿಟ್ಟುಕೊಳ್ಳುತ್ತಾರೆ: ಸರಾಗವಾಗಿ ಓಡಿದ ಭಾಗ ಉಳಿಯುತ್ತದೆ, ಪೆಟ್ರೋಲ್ ಬಂಕು, ಕಾಫಿ, ಊರು ದಾಟುವ ಸಂಕಟ ಅಳಿಸಿಹೋಗುತ್ತವೆ. ಬಸ್ಸಿನಲ್ಲಿ ಮಾತ್ರ ಅದೇ ಕಾಫಿಯ ನಿಲುಗಡೆ ಪ್ರಯಾಣಿಕನಿಗೆ ಅನ್ಯಾಯವಾಗಿ ಕಾಣುತ್ತದೆ, ಏಕೆಂದರೆ ಅದನ್ನು ನಿರ್ಧರಿಸಿದವನು ಬೇರೆಯವನು.

ಹಾಗಾದರೆ ಬಸ್ಸು ನಿಜವಾಗಿಯೂ ಸಮಯ ಕಳೆದುಕೊಳ್ಳುವುದು ಎಲ್ಲಿ? ಬಹಳ ಮಂದಿ ವೇಗದಲ್ಲಿ ಎಂದುಕೊಂಡಿದ್ದಾರೆ. ಪ್ರಯಾಣಿಕ ಬಸ್ಸಿಗೆ ಗಂಟೆಗೆ 80 ಕಿ.ಮೀ.ಗೆ ಕಟ್ಟಿಹಾಕಿದ ವೇಗ ನಿಯಂತ್ರಕ ಇರುತ್ತದೆ ಎಂಬುದೇನೋ ಸರಿ. ಆದರೆ ಇದನ್ನು ಲೆಕ್ಕ ಹಾಕಿ ನೋಡಿದವರು ಕಡಿಮೆ. 118 ಕಿ.ಮೀ.ಯನ್ನು ಕಾರು ಒಂದೇ ಸಮ 100ರಲ್ಲಿ ಓಡಿದರೆ 71 ನಿಮಿಷ. ಬಸ್ಸು ಒಂದೇ ಸಮ 80ರಲ್ಲಿ ಓಡಿದರೆ 89 ನಿಮಿಷ ಬೇಕು. ವ್ಯತ್ಯಾಸ 18 ನಿಮಿಷ. ವೇಗದ ಇಡೀ ಪಾತ್ರ ಅಷ್ಟೇ, ಅದೂ ಕಾರಿನವನು ಒಮ್ಮೆಯೂ ಬ್ರೇಕ್ ಒತ್ತದಿದ್ದರೆ.

ಉಳಿದದ್ದೆಲ್ಲ ನಿಲುಗಡೆಗಳ ಪಾಲು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ: ಹೊಸ ಹೆದ್ದಾರಿ ಬೈಪಾಸ್ ಮಾಡಿ ತಪ್ಪಿಸಿಕೊಂಡು ಹೋಗುವ ಊರುಗಳು ಯಾವುವೋ, ನಿಲುಗಡೆಯ ಕೆಂಪು ಬಸ್ಸು ಒಳಹೊಕ್ಕು ಬರಬೇಕಾದ ಊರುಗಳೂ ಅವೇ. ಒಂದು ಊರಿನ ನಿಲ್ದಾಣಕ್ಕೆ ಹೋಗಿ ಬರುವುದೆಂದರೆ ಎರಡು ನಿಮಿಷ ನಿಲ್ಲುವುದೆಂದು ಜನ ತಿಳಿಯುತ್ತಾರೆ. ಊರಿನ ಮುಖ್ಯರಸ್ತೆಯ ಸಿಗ್ನಲ್‌ಗಳನ್ನು ದಾಟಬೇಕು, ನಿಲ್ದಾಣದ ಬಾಗಿಲಲ್ಲಿ ಹೊರಬರುವ ಬಸ್ಸಿಗೆ ದಾರಿ ಬಿಡಬೇಕು, ಪ್ಲಾಟ್‌ಫಾರ್ಮ್‌ಗೆ ತಿರುಗಿಸಬೇಕು, ಇಳಿಯುವವರು ಇಳಿದ ಮೇಲೆಯೇ ಹತ್ತುವವರು ಹತ್ತಬೇಕು (ಇದು ನಡೆಯುವುದು ಪುಸ್ತಕದಲ್ಲಿ ಮಾತ್ರ), ನಿರ್ವಾಹಕರು ಸಂಚಾರ ನಿಯಂತ್ರಕರ ಬಳಿ ಹೋಗಿ ಬರಬೇಕು, ಹಿಂದಕ್ಕೆ ತೆಗೆದು ಮತ್ತೆ ಅದೇ ಸಿಗ್ನಲ್‌ಗಳನ್ನು ದಾಟಬೇಕು. ಮಂಡ್ಯದಂಥ ಊರಿನಲ್ಲಿ ಇದಕ್ಕೆಲ್ಲ ಕಾಲು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಇಂಥ ನಾಲ್ಕೈದು ಊರುಗಳಾದರೆ ಒಂದು ಗಂಟೆ ಹೋಯಿತು. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ ಈ ಬಸ್ಸುಗಳಲ್ಲಿ ಹತ್ತಿಳಿಯುವವರು ಹೆಚ್ಚಾಗಿದ್ದಾರೆ. ಉಚಿತವಾದರೂ ಪ್ರತಿಯೊಬ್ಬ ಮಹಿಳೆಗೂ ಶೂನ್ಯ ಟಿಕೆಟ್ ಕೊಡಲೇಬೇಕಾದ್ದರಿಂದ ಅದಕ್ಕೂ ಸಮಯ ಹಿಡಿಯುತ್ತದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಮದ್ದೂರಿನಲ್ಲಿ ಹತ್ತಿ ಮಂಡ್ಯದಲ್ಲಿ ಇಳಿಯುವ ಕಾಲೇಜು ಹುಡುಗಿಗೆ ಆ ಬಸ್ಸು ನಿಧಾನವೇ ಅಲ್ಲ, ಅದು ಅವಳಿಗಾಗಿಯೇ ಇರುವ ಬಸ್ಸು. ಬೆಂಗಳೂರಿನಿಂದ ನೇರ ಮೈಸೂರಿಗೆ ಹೋಗುವವರು ಆ ಬಸ್ಸಿನಲ್ಲಿ ಕುಳಿತು ಗೊಣಗುವುದು ನನಗೆ ಅರ್ಥವಾಗುವುದಿಲ್ಲ. ಫಲಕದ ಮೇಲೆ "ತಡೆರಹಿತ" ಎಂದು ಬರೆದ ಬಸ್ಸು ಪಕ್ಕದ ಅಂಕಣದಲ್ಲೇ ನಿಂತಿರುತ್ತದೆ.

ಎರಡನೆಯ ಮಾತು, ಇದನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಮೊಬೈಲಿನ ನಕ್ಷೆ ತೋರಿಸುವ ಸಮಯವೂ ವೇಳಾಪಟ್ಟಿಯಲ್ಲಿ ಮುದ್ರಿತವಾದ ಸಮಯವೂ ಒಂದೇ ಜಾತಿಯವಲ್ಲ. ನಕ್ಷೆ ಹೇಳುವುದು ಈಗಿನ ದಟ್ಟಣೆಯಲ್ಲಿ, ನಿಲ್ಲದೆ ಹೋದರೆ, ಒಂದು ಕಾರಿಗೆ ಬಹುಶಃ ಎಷ್ಟು ಹೊತ್ತಾದೀತು ಎಂಬ ಅಂದಾಜನ್ನು. ವೇಳಾಪಟ್ಟಿ ಸೋಮವಾರಕ್ಕೂ ಶುಕ್ರವಾರಕ್ಕೂ, ಬಿಸಿಲಿಗೂ ಮಳೆಗೂ ಒಂದೇ ಅಂಕಿಯನ್ನು ಕೊಡಬೇಕು, ಮತ್ತು ಹತ್ತರಲ್ಲಿ ಎಂಟೊಂಬತ್ತು ಸಲವಾದರೂ ಬಸ್ಸು ಆ ಹೊತ್ತಿಗೆ ತಲುಪಬೇಕು. ಹಾಗಾಗಿ ನಾವು ರನ್ನಿಂಗ್ ಟೈಮ್ (ಒಂದು ಟ್ರಿಪ್ಪಿಗೆ ಕೊಡುವ ಓಟದ ಸಮಯ) ಲೆಕ್ಕ ಹಾಕುವಾಗ ಸರಾಸರಿಯನ್ನು ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಹೆಚ್ಚುಕಡಿಮೆ ಅರ್ಧದಷ್ಟು ಟ್ರಿಪ್ಪುಗಳು ತಡವಾಗುತ್ತವೆ, ತಡವಾದ ಬಸ್ಸು ಮರಳುವ ಟ್ರಿಪ್ಪಿಗೂ ತಡವಾಗುತ್ತದೆ, ಚಾಲಕ ಆ ತಡವನ್ನು ರಸ್ತೆಯ ಮೇಲೆ ತುಂಬಿಕೊಳ್ಳಲು ಹೋಗುತ್ತಾನೆ. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಇನ್ನು ದೂರದ ಬಸ್ಸು ಊಟಕ್ಕೋ ಚಹಾಕ್ಕೋ ಅರ್ಧ ಗಂಟೆ ನಿಲ್ಲುವುದರ ಹಿಂದೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಿಂದ ಬಂದ ಪದ್ಧತಿ ಇದೆ: ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವ ಮುನ್ನ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿ ಕೊಡಬೇಕು ಎಂದು ಆ ಕಾಯ್ದೆ ಹೇಳುತ್ತಿತ್ತು (2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು). ಸ್ವಂತ ಕಾರು ಓಡಿಸುವವನಿಗೆ ಅಂಥ ಕಾಯ್ದೆ ಇಲ್ಲ. ಇದ್ದಿದ್ದರೆ ಒಳ್ಳೆಯದಿತ್ತೆಂದು ನನಗೆ ಕೆಲವೊಮ್ಮೆ ಅನ್ನಿಸುತ್ತದೆ.

ಈಗ ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕೋಣ. ಶುಕ್ರವಾರ ಸಂಜೆ ಇಂದಿರಾನಗರದಿಂದ ಮೈಸೂರಿನ ಒಂದು ಮನೆಗೆ ಹೋಗಬೇಕು. ಕೆಳಗಿನ ಅಂಕಿಗಳು ವೃತ್ತಿಯ ಅಂದಾಜು. ನಿಮ್ಮ ಬೀದಿಗೆ ಹತ್ತಿಪ್ಪತ್ತು ನಿಮಿಷ ಆಚೀಚೆ ಆಗಬಹುದು. ಕಾರು ಹೊರತೆಗೆದು ಸಾಮಾನು ತುಂಬಲು 10 ನಿಮಿಷ, ಇಡೀ ನಗರವನ್ನು ಅಡ್ಡವಾಗಿ ಸೀಳಿಕೊಂಡು ಕೆಂಗೇರಿಯಾಚೆಯ ಜಂಕ್ಷನ್ ಮುಟ್ಟಲು 90, ಹೆದ್ದಾರಿಗೆ 80, ಒಂದು ನಿಲುಗಡೆಗೆ 20, ಮೈಸೂರಿನೊಳಗೆ 25. ಒಟ್ಟು ಮೂರು ಗಂಟೆ ಮುಕ್ಕಾಲು. ಬಸ್ಸಿನಲ್ಲಾದರೆ ಮೆಟ್ರೊವರೆಗೆ ನಡೆಯಲು 10, ನೇರಳೆ ಮಾರ್ಗದಲ್ಲಿ ದೀಪಾಂಜಲಿ ನಗರದವರೆಗೆ ಸುಮಾರು 30, ಅಲ್ಲಿಂದ ಸ್ಯಾಟಲೈಟ್ ನಿಲ್ದಾಣಕ್ಕೆ ನಡೆದು ಬಸ್ಸಿಗೆ ಕಾಯಲು 20, ಮೈಸೂರು ರಸ್ತೆಯಲ್ಲಿ ಜಂಕ್ಷನ್‌ವರೆಗೆ 35, ಹೆದ್ದಾರಿಗೆ 95, ಮೈಸೂರಿನ ನಿಲ್ದಾಣಕ್ಕೆ 25, ಆಟೊಗೆ 15. ಒಟ್ಟು ಮೂರು ಗಂಟೆ 50 ನಿಮಿಷ. ಐದು ನಿಮಿಷದ ವ್ಯತ್ಯಾಸ! ಹೆದ್ದಾರಿಯಲ್ಲಿ ಬಸ್ಸು ಕಳೆದುಕೊಂಡದ್ದನ್ನು ಮೆಟ್ರೊ ನಗರದೊಳಗೆ ಗಳಿಸಿಕೊಟ್ಟಿತು. ಇದು ನಗರದ ಯಾವ ಮೂಲೆಗೂ ಹೊಂದುತ್ತದೆ ಎಂದು ಹೇಳಲಾರೆ. ಭಾನುವಾರ ಬೆಳಗಿನ ಐದು ಗಂಟೆಗೆ ಇದೇ ಲೆಕ್ಕ ಹಾಕಿದರೆ ಮೆಟ್ರೊ ಇನ್ನೂ ಹೊರಟಿರುವುದಿಲ್ಲ, ಕಾರಿಗೆ ನಗರ ದಾಟಲು ಒಂದು ಗಂಟೆಯೂ ಬೇಕಿಲ್ಲ. ಕಾರು ಸಲೀಸಾಗಿ ಗೆಲ್ಲುತ್ತದೆ. ಪ್ರಯಾಣದ ಹೊತ್ತು ಹೇಳದೆ ಯಾವುದು ಬೇಗ ಎಂದು ಕೇಳಿದರೆ ಉತ್ತರ ಕೊಡಲು ಬರುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಬಸ್ಸು ನಿಜವಾಗಿಯೂ ಸೋತ ಸಂದರ್ಭಗಳೂ ಇವೆ. ಪೀಣ್ಯ ಮೇಲ್ಸೇತುವೆಯಲ್ಲಿ ದೋಷ ಕಂಡು 2021ರ ಡಿಸೆಂಬರ್‌ನಲ್ಲಿ ಅದನ್ನು ಮುಚ್ಚಿದ ಮೇಲೆ, ಕಾರುಗಳಿಗೆ ಬೇಗನೆ ಮತ್ತೆ ಬಿಟ್ಟರೂ ಭಾರಿ ವಾಹನಗಳಿಗೆ 2024ರ ಜುಲೈವರೆಗೆ ಬಿಡಲಿಲ್ಲ. ಅಷ್ಟು ಕಾಲ ತುಮಕೂರು ಕಡೆಯ ಬಸ್ಸುಗಳು ಕೆಳಗಿನ ದಟ್ಟಣೆಯಲ್ಲಿ ಸಿಕ್ಕಿಕೊಂಡಿರುತ್ತಿದ್ದವು, ಕಾರುಗಳು ಮೇಲೆ ಹಾದುಹೋಗುತ್ತಿದ್ದವು. ಆ ವರ್ಷಗಳಲ್ಲಿ ದೂರು ಕೊಟ್ಟವರ ಜೊತೆ ನಾನು ವಾದಿಸುತ್ತಿರಲಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಬಂಡೀಪುರ. ಅಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧವಿದೆ. ಅನುಮತಿ ಇರುವುದು ತುರ್ತು ವಾಹನಗಳಿಗೆ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ. ಎಷ್ಟೇ ವೇಗದ ಕಾರಾದರೂ ಗೇಟಿನ ಬಳಿ ಬೆಳಗಾಗುವವರೆಗೆ ನಿಲ್ಲಬೇಕು, ಇಲ್ಲವೇ ಸುತ್ತಿ ಹೋಗಬೇಕು. ಶಿರಾಡಿ ಘಾಟಿಯಲ್ಲಂತೂ ಮಂಗಳೂರಿನ ಗ್ಯಾಸ್ ಟ್ಯಾಂಕರುಗಳ ಹಿಂದೆ ಕಾರೂ ಬಸ್ಸೂ ಒಂದೇ ವೇಗದಲ್ಲಿ ಇಳಿಯುತ್ತವೆ. ಅಲ್ಲಿ ಹಿಂದಿಕ್ಕಲು ಹೋಗುವವರ ಬಗ್ಗೆ ಮಾತನಾಡದಿರುವುದೇ ವಾಸಿ.

ರಾತ್ರಿ ಬಸ್ಸಿನ ವಿಷಯದಲ್ಲಿ ಹೋಲಿಕೆಯೇ ಬೇರೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 410 ಕಿ.ಮೀ. ರಾತ್ರಿ ಹತ್ತೂವರೆಗೆ ಹೊರಡುವ ಸ್ಲೀಪರ್ ಬಸ್ಸನ್ನು ಇನ್ನೂ ವೇಗವಾಗಿ ಓಡಿಸಿ ಎಂದು ಒತ್ತಾಯಿಸುವವರು, ಅದು ನಾಲ್ಕು ಗಂಟೆಗೆ ತಲುಪಿದರೆ ಕತ್ತಲಲ್ಲಿ ಆಟೊ ಇಲ್ಲದೆ ಎಲ್ಲಿ ಕೂರುತ್ತೀರಿ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಆ ಬಸ್ಸುಗಳಿಗೆ ನಾವು ಮೊದಲು ತಲುಪುವ ಹೊತ್ತನ್ನು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ ಹೊರಡುವ ಹೊತ್ತನ್ನು ಇಡುತ್ತೇವೆ. ಒಂದೆರಡು ಗಂಟೆ ಉಳಿಸಲು ರಾತ್ರಿಯಿಡೀ ತಾನೇ ಕಾರು ಓಡಿಸಿದವನು ಮರುದಿನ ಮಧ್ಯಾಹ್ನದವರೆಗೆ ಮಲಗುವ ಸಮಯವನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ.

ಮನೆಯಲ್ಲಿ ನಾಲ್ಕು ಜನರಿದ್ದು, ವಯಸ್ಸಾದವರೊಬ್ಬರಿದ್ದು, ಹೋಗಬೇಕಾದ ಊರು ಮುಖ್ಯರಸ್ತೆಯಿಂದ ಹತ್ತು ಕಿ.ಮೀ. ಒಳಗಿದ್ದರೆ ಕಾರಿನಲ್ಲೇ ಹೋಗಿ. ಎರಡು ಕಡೆ ಬಸ್ಸು ಬದಲಿಸಬೇಕಾದ ದಾರಿಗೂ ಅದೇ ಮಾತು. ಅಲ್ಲಿ ಲೆಕ್ಕ ಹಾಕುವ ಅಗತ್ಯವೇ ಇಲ್ಲ.

ಬಸ್ಸನ್ನೇ ಆರಿಸಿಕೊಂಡವರು ಒಂದನ್ನು ಗಮನಿಸಿ. ಹತ್ತುವ ಸ್ಥಳವನ್ನು ಅಭ್ಯಾಸಬಲದಿಂದ ಮೆಜೆಸ್ಟಿಕ್ ಎಂದು ಹಾಕಬೇಡಿ; ನಗರದ ಅಂಚಿಗೆ ಹತ್ತಿರವಾದ, ಮೆಟ್ರೊದಲ್ಲಿ ತಲುಪಬಹುದಾದ ಕೊನೆಯ ನಿಲುಗಡೆಯನ್ನು ನೋಡಿ. ಮೈಸೂರು ಕಡೆಗಾದರೆ ಬಹುತೇಕರಿಗೆ ಅದು ಸ್ಯಾಟಲೈಟ್ ಅಥವಾ ಕೆಂಗೇರಿ. ಆದರೆ ಇಂಥ ನಡುವಿನ ನಿಲುಗಡೆಗಳಿಗೆ ಟಿಕೆಟ್ಟಿನ ಮೇಲೆ ಮುದ್ರಿಸಿದ ಸಮಯ ಅಂದಾಜಿನದು: ದಟ್ಟಣೆ ಇದ್ದರೆ ಬಸ್ಸು ಅರ್ಧ ಗಂಟೆ ತಡವಾಗಿ ಬಂದೀತು, ರಸ್ತೆ ಖಾಲಿ ಇದ್ದರೆ ಹೇಳಿದ ಹೊತ್ತಿಗೇ ಬಂದು, ನೀವು ಫೋನ್ ತೆಗೆಯುವಷ್ಟರಲ್ಲಿ ಹೊರಟೂ ಬಿಟ್ಟೀತು. ಕಾಲು ಗಂಟೆ ಮೊದಲೇ ಅಲ್ಲಿರಿ, ಬಸ್ಸಿನ ಸಂಖ್ಯೆಯ ಸಂದೇಶ ಬಂದಿದ್ದರೆ ಅದನ್ನು ತೆರೆದಿಟ್ಟುಕೊಳ್ಳಿ, ಮತ್ತು ಆ ಕಾಲು ಗಂಟೆಯನ್ನೂ ಪ್ರಯಾಣದ ಲೆಕ್ಕಕ್ಕೆ ಸೇರಿಸಿ.